ಹೊಳೆಯ ಮೇಲೆ ಹೇಳಿದ ಸುಳ್ಳು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ವರ್ಷಗಟ್ಟಲೆ ನೀರಲ್ಲಿ ನೆನೆದು ಅದು ಹಣ್ಣಾದ ಅಂಜೂರದ ಹಾಗೆ ಉಬ್ಬಿಕೊಂಡಿತ್ತು. ಹರಗೋಲಿನ ಕಾಕಾ ಬೆಳಿಗ್ಗೆ ದಂಡೆಗೆ ಬಂದವರೇ ಧೋತರ ಎತ್ತಿ ಕಟ್ಟಿ, ಪರಸಿ ಹಾಸುಗಲ್ಲಿನ ಮೇಲೆ ನಿಂತು, ಆ ಬೆರಳನ್ನು ಕಾಗಿಣಾ ನದಿಯಲ್ಲಿ ಅದ್ದಿ, ತೇಲಿ ಬರುವ ನೊರೆ, ಕಸಕಡ್ಡಿ ನೋಡುತ್ತಿದ್ದರು. ಆಮೇಲೆ ತೀರ್ಪು. "ಹೊಳಿ ಛಲೋ ಅದ" ಎಂದರೆ ಜನ ಹರಗೋಲು ಹತ್ತುತ್ತಿದ್ದರು, "ಇವತ್ತು ಬ್ಯಾಡ" ಎಂದರೆ ಗಂಟು ಮೂಟೆ ಹೊತ್ತು ಮನೆಗೆ ತಿರುಗುತ್ತಿದ್ದರು. ಊರಗೌಡರೂ ಎದುರಾಡಿದ್ದನ್ನು ನಾನು ಕಾಣೆ.

ನಾನು ಆ ಊರಿಗೆ ನರ್ಸಾಗಿ ಹೋದವಳು. ಚಿತ್ತಾಪುರ ತಾಲೂಕಿನ ಊರು, ಮೂರು ಕಡೆ ಹೊಳೆ, ಒಂದು ಕಡೆ ಹಳ್ಳ. ಮಳೆಗಾಲದಲ್ಲಿ ಅಪ್ಪಟ ನಡುಗಡ್ಡೆ. ಹೆಚ್ಚಿನ ಮನೆಗಳು ಮೀನು ಹಿಡಿಯುವ ಅಂಬಿಗರವು; ಹಿಡಿದದ್ದು ವಾಡಿ, ಶಹಾಬಾದದ ಸಂತೆಗೆ ಹೋಗುತ್ತಿತ್ತು. ಟಪಾಲು, ರೇಷನ್ ಸಕ್ಕರೆ, ಚಿಮಣಿ ಎಣ್ಣೆ, ಶಾಲೆಯ ಮಾಸ್ತರು, ಬೀಗರು, ಯಾವುದೇ ಬರಲಿ, ಕಾಕಾನ ದುಂಡು ಹರಗೋಲಿನಲ್ಲೇ ಬರಬೇಕು. ನನ್ನ ಲಸಿಕೆಯ ಥರ್ಮಾಸನ್ನು ಅವರು ತಮ್ಮ ರುಮಾಲು ಬಿಚ್ಚಿ ಕೂಸಿನ ಹಾಗೆ ಸುತ್ತಿ ನನ್ನ ಮಡಿಲಿಗೆ ಇಡುತ್ತಿದ್ದರು.

ನಾನು ಮೀನು ತಿನ್ನುವವಳಲ್ಲ. ಅದೇ ಅವರಿಗೆ ದೊಡ್ಡ ಚಿಂತೆ. "ನಮ್ಮ ಮೀನು ಬರೇ ನೀರ್ ಕುಡದು ಬೆಳದಾವ್ರೀ ಬಾಯಾರ, ಕಾಯಿಪಲ್ಯ ಇದ್ದಂಗ," ಎನ್ನುವರು. ನಾನು ಮೂಗು ಮುರಿದರೆ ಹೊಟ್ಟೆ ಹಿಡಿದು ನಗುವರು. ಮರುದಿನ ಅವರ ಸೊಸೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಡುತ್ತಿದ್ದಳು.

ಅಂಬಿಗರ ಓಣಿಗೆ ಒಂದು ಕಟ್ಟುಪಾಡಿತ್ತು. ಮೀನಿನ ತೂಕದ ಬಗ್ಗೆ ಎಷ್ಟು ಬೇಕಾದರೂ ಬಡಾಯಿ ಕೊಚ್ಚಬಹುದು, ಹೊಳೆಯ ಬಗ್ಗೆ ಮಾತ್ರ ಸುಳ್ಳು ಹೇಳುವಂತಿಲ್ಲ. ಹೇಳಿದವನು ಎಲ್ಲರೆದುರು ಒಪ್ಪಿಕೊಂಡು ಹೊಳೆತಾಯಿ ಗಂಗವ್ವನಿಗೆ ಕಾಯಿ ಒಡೆಯಬೇಕು. ಕಾಕಾ ಆ ಕಾಯಿ ಒಡೆದದ್ದು ಜೀವನದಲ್ಲಿ ಒಂದೇ ಸಲ, ಅದೂ ನನ್ನ ಸಲುವಾಗಿ.

ಎರಡನೆಯ ವರ್ಷದ ಮಳೆ ಶುರುವಾದಾಗ ನನಗೆ ಶಹಾಬಾದಕ್ಕೆ ಬದಲಿ ಆಯಿತು. ಕರೆಂಟಿನ ಊರು, ಸಿನೆಮಾ ಇರುವ ಊರು! ಕುಣಿಯುತ್ತ ಟ್ರಂಕು ಕಟ್ಟಿ ದಂಡೆಗೆ ಬಂದೆ. ಕಾಕಾ ಬೆರಳು ಅದ್ದಿದರು. ನನ್ನ ಮುಖ ನೋಡಲಿಲ್ಲ. "ಚಿಂಚೋಳಿ ಕಡಿ ಭಾಳ ಮಳಿ ಆಗ್ಯಾದ. ಇವತ್ತು ಬ್ಯಾಡ್ರಿ," ಎಂದರು. ಮರುದಿನವೂ ಅದೇ ಮಾತು. ಗೊಣಗುತ್ತ ಟ್ರಂಕಿನ ಮೇಲೆ ಕೂತು ಕಾಲ ಕಳೆದೆ.

ಮೂರನೆಯ ದಿನ ಬೆಳಿಗ್ಗೆ ಕಾಕಾ ನನ್ನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತೆಂಗಿನಕಾಯಿ, ಹಿಂದೆ ಇಡೀ ಓಣಿ.

"ನಾ ಹೊಳಿ ಮ್ಯಾಲ ಸುಳ್ಳ ಹೇಳೀನ್ರೀ. ಎರಡೂ ದಿನ ನೀರು ಛಲೋನೇ ಇತ್ತು."

ನನಗೆ ರೇಗಿಹೋಯಿತು. "ಯಾಕ ಕಾಕಾ, ನಾ ನಿಮಗೇನ್ ಮಾಡೀನಿ?"

"ಸೊಸಿಗಿ ದಿನ ತುಂಬಲಿಕತ್ತಾವ. ನೀವು ಬರೋಕಿಂತ ಮೊದಲು, ನರ್ಸಬಾಯಿ ಇಲ್ದಾಗ, ಚೊಚ್ಚಲ ಕೂಸು ಹೋಗ್ಯಾದ್ರೀ."

"ಅದನ್ನ ಬಾಯಿ ಬಿಟ್ಟು ಹೇಳಬಾರದಿತ್ತೇನು?"

"ನನ್ನ ಮಾತಿಗಿ ನೀವು ಒಲ್ಲೆ ಅನಬಹುದು. ಹೊಳಿ ಬ್ಯಾಡ ಅಂದ್ರ ಯಾರೂ ಒಲ್ಲೆ ಅನ್ನಂಗಿಲ್ಲ." ಆಮೇಲೆ ಕಣ್ಣೊರೆಸಿಕೊಂಡರು. "ಆದ್ರ ನಿದ್ದಿ ಬರವಲ್ದು. ನಡ್ರಿ, ದಾಟಸ್ತೀನಿ."

ಕಾಯಿ ಒಡೆದು, ಟ್ರಂಕನ್ನು ತಾವೇ ಹೊತ್ತು ಹರಗೋಲಿನಲ್ಲಿ ಇಟ್ಟರು. ಆಚೆ ದಂಡೆ ಮುಟ್ಟಿತು. ನಾನು ಇಳಿಯಲಿಲ್ಲ. ಹಿಂದಿನ ರಾತ್ರಿಯೂ ಆ ಹುಡುಗಿ ಭಾರದ ಮೈಯಲ್ಲಿ ನನಗೆ ರೊಟ್ಟಿ ತಂದುಕೊಟ್ಟು ಹೋಗಿದ್ದಳು.

"ಕಾಕಾ, ಈಗ ಹೊಳಿ ಹ್ಯಾಂಗದ?"

ಅವರು ಬೆರಳು ಅದ್ದಿ ಪ್ರಾಮಾಣಿಕವಾಗಿ ಹೇಳಿದರು. "ಭಾಳ ಛಲೋ ಅದರಿ."

"ಹಂಗಾದ್ರ ತಿರುಗಿ ಹೊಡೀರಿ."

ಟಪಾಲಿನವನ ಕೈಯಲ್ಲಿ ಮೇಲಿನವರಿಗೆ ಬದಲಿ ಮುಂದೂಡಲು ಅರ್ಜಿ ಕಳಿಸಿದೆ. ಬೈಗುಳ ಬಂತು, ಜೊತೆಗೆ ದೀಪಾವಳಿವರೆಗೆ ಗಡುವೂ ಬಂತು. ಸೊಸೆಗೆ ಹೆಣ್ಣು ಮಗು ಹುಟ್ಟಿತು, ಓಣಿಯೇ ಎದ್ದು ಕೂರುವ ಹಾಗೆ ಅತ್ತಿತು. ಕಾಕಾ ನನ್ನ ಕೈಗೆ ಬೆಲ್ಲ ಇಟ್ಟು, "ಇದರಾಗ ಮೀನಿಲ್ಲ, ಅಂಜಬ್ಯಾಡ್ರಿ," ಎಂದರು. ದೀಪಾವಳಿ ಹೋಯಿತು, ಮತ್ತೆ ಕೆಲವು ದೀಪಾವಳಿಗಳೂ ಹೋದವು. ಶಹಾಬಾದದ ಸಿನೆಮಾ ನನಗಾಗಿ ಬಹಳ ವರ್ಷ ಕಾಯಬೇಕಾಯಿತು.

ಕೊನೆಗೂ ನಾನು ಶಹಾಬಾದ ಸೇರಿದ ಮೇಲೆ ಒಂದು ದಿನ, ಕಾಕಾ ಹಾಸಿಗೆ ಹಿಡಿದಿದ್ದಾರೆಂದು ಅದೇ ಮೊಮ್ಮಗಳು ಕರೆಯಲು ಬಂದಳು, ಎರಡು ಜಡೆ ಹಾಕಿಕೊಂಡು. ಹೋಗಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದೆ. ನಾಡಿ ಸಿಗುವುದೇ ಕಷ್ಟವಾಗಿತ್ತು. ಅವರು ಕಣ್ಣು ತೆರೆದು ನನ್ನನ್ನು ಗುರುತು ಹಿಡಿದರು.

"ಬಾಯಾರ, ಹೊಳಿ ಹ್ಯಾಂಗದ?"

ದಾಟಲೇ ಎಂದು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. "ಇವತ್ತು ಬ್ಯಾಡ ಕಾಕಾ," ಎಂದೆ.

ಹಲ್ಲಿಲ್ಲದ ಬಾಯಿ ಅಗಲವಾಯಿತು. "ಕಾಯಿ ಒಡೀಬೇಕಾಗ್ತದ ನೋಡ್ರಿ."

ಆ ಸಂಜೆಯೇ ಹೋದರು. ಮರುದಿನ ಮಣ್ಣು ಮಾಡಿ ಬಂದ ಮೇಲೆ ನಾನು ಅದೇ ಪರಸಿ ಕಲ್ಲಿನ ಮೇಲೆ ನಿಂತು, "ನಾನೂ ಹೊಳಿ ಮ್ಯಾಲ ಸುಳ್ಳ ಹೇಳೀನಿ," ಎಂದು ಓಣಿಯವರೆದುರು ಒಪ್ಪಿಕೊಂಡು ಕಾಯಿ ಒಡೆದೆ. ಯಾರೂ ಯಾಕೆಂದು ಕೇಳಲಿಲ್ಲ. ಮೊಮ್ಮಗಳು ಹರಗೋಲು ನೀರಿಗಿಳಿಸಿ ನನಗೆ ಹತ್ತಲು ಕೈ ನೀಡಿದಳು.