ಎಲ್ಲರ ಎರಡನೆಯ ಮತ

ನಮ್ಮ ಯಜಮಾನರನ್ನು ಬೈಯುವವರು ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಮನೆ ನಂಜನಗೂಡಿನಲ್ಲಿ, ಅವರು ಗಣಿತ, ನಾನು ಕನ್ನಡ ಕಲಿಸುತ್ತಿದ್ದದ್ದು ಟಿ. ನರಸೀಪುರದ ಕಡೆಯ ಹೈಸ್ಕೂಲುಗಳಲ್ಲಿ. ಹಾಗಾಗಿ ಎರಡು ತಾಲ್ಲೂಕಿನ ಮೇಷ್ಟ್ರುಗಳೂ ಅವರನ್ನು ನಮ್ಮವರು ಅನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆ. ರಿಟೈರ್ ಆಗುವುದಕ್ಕೆ ಸ್ವಲ್ಪವೇ ಉಳಿದಿದ್ದಾಗ ಅವರಿಗೆ ಮೇಷ್ಟ್ರುಗಳ ಸಂಘದ ಅಧ್ಯಕ್ಷರಾಗುವ ಆಸೆ ಹುಟ್ಟಿತು.

"ಒಂದ್ಸಲ ಆಗ್ಬೇಕು ಕಣೇ" ಎಂದರು, ಕಾಫಿ ಲೋಟ ಹಿಡಿದುಕೊಂಡು. ಮದುವೆಯಾದಂದಿನಿಂದ ಅವರು ತಮಗಾಗಿ ಏನನ್ನಾದರೂ ಬೇಕು ಅಂದದ್ದು ನನಗೆ ನೆನಪಿಲ್ಲ.

ವಿಧಾನ ಪರಿಷತ್ತಿಗೆ ವೋಟು ಹಾಕಿ ರೂಢಿಯಿದ್ದ ನಾವು ಸಂಘದ ಚುನಾವಣೆಯನ್ನೂ ಅದೇ ರೀತಿ ಮಾಡುತ್ತಿದ್ದೆವು. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು. ಒಂದು ಯಾರಿಗೆ ಕಡಿಮೆ ಬಿತ್ತೋ ಅವರು ಔಟ್. ಅವರ ಚೀಟಿಗಳು ಅವುಗಳಲ್ಲಿ ಎರಡು ಬಿದ್ದವರಿಗೆ ಹೋಗುತ್ತವೆ. ಸಭೆಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದವರೂ ನಮ್ಮವರೇ.

ನಿಂತವರು ಮೂವರು. ನಂಜನಗೂಡಿನ ವಿಜ್ಞಾನದ ಮೇಷ್ಟ್ರು, ನರಸೀಪುರದ ಪಿ.ಟಿ. ಮೇಷ್ಟ್ರು, ಹಾವು ಮುಂಗುಸಿಯಂಥ ಆ ಇಬ್ಬರ ನಡುವೆ ಇವರು. ವೋಟು ಕೇಳಲು ಹೋದಲ್ಲೆಲ್ಲ ಮೇಷ್ಟ್ರುಗಳು ಇವರನ್ನು ಕೂರಿಸಿ ಕಾಫಿ ಕೊಟ್ಟು, "ಸಾ, ಒಂದು ನಮ್ಮೂರೋರ್ಗೆ ಹಾಕ್ದಿದ್ರೆ ಆ ಕಡೆಯೋನು ಗೆದ್ಬುಡ್ತಾನೆ. ಎರಡು ಮಾತ್ರ ನಿಮ್ಗೇ ಸಾ" ಅನ್ನುತ್ತಿದ್ದರು. ನಂಜನಗೂಡಿನ ಕಡೆಯ ಕಳಲೆಯಲ್ಲೂ ಅದೇ ಮಾತು, ನರಸೀಪುರದಲ್ಲೂ ಅದೇ ಮಾತು. ಒಬ್ಬ ಮೇಡಂ ಅಂತೂ, "ನಿಮ್ಮಂಥೋರು ಗೆಲ್ಬೇಕು ಸರ್, ಆದ್ರೆ ಗೆಲ್ಲಲ್ವಲ್ಲ, ಅದಕ್ಕೇ ಎರಡು" ಎಂದು ಮರುಗಿದರು. ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಹೀಗೆ ಜಾಣರಾದರೆ ಈ ಮನುಷ್ಯ ಗೆಲ್ಲುವುದಾದರೂ ಹೇಗೆ? ಇವರು ಮಾತ್ರ ಎಲ್ಲರಿಗೂ ಕೈಮುಗಿದು ಬಂದರು.

ಎಣಿಕೆಯ ದಿನ ಹೊಸ ಬಿಳಿ ಅಂಗಿ ತೊಟ್ಟಿದ್ದರು. ಮೊದಲ ಸುತ್ತಿನಲ್ಲೇ ಔಟ್. ಪಿ.ಟಿ. ಮೇಷ್ಟ್ರಿಗಿಂತ ಒಂದೇ ಒಂದು ಮತ ಕಡಿಮೆ. ಪಿ.ಟಿ. ಮೇಷ್ಟ್ರು ಔಟಾಗಿದ್ದರೆ ಅವರ ಅಷ್ಟೂ ಚೀಟಿ ಇವರಿಗೇ ಬಂದು ಸಲೀಸಾಗಿ ಗೆಲ್ಲುತ್ತಿದ್ದರು. ಎರಡೂ ಕಡೆಯ ಕಟ್ಟುಗಳಲ್ಲಿ ಇವರ ಹೆಸರಿನ ಮುಂದೆ ಎರಡು, ಎರಡು, ಎರಡು. ಆದರೆ ಇವರೇ ಹೊರಬಿದ್ದ ಮೇಲೆ ಅವನ್ನು ಕೇಳುವವರಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಒಬ್ಬೊಬ್ಬರನ್ನೂ ಜಾಲಾಡಿದೆ. "ಯಾವ ಪುಣ್ಯಾತ್ಮ ಆ ಒಂದು ವೋಟು ಪಿ.ಟಿ. ಮೇಷ್ಟ್ರಿಗೆ ಹಾಕಿದ್ನೋ, ಅವನ ಕೈ ಸೇದಿಹೋಗ."

ಇವರು ಕಿಟಕಿಯಾಚೆ ನೋಡುತ್ತಾ, "ಹಾಗನ್ಬೇಡ ಕಣೇ. ಅದು ನಾನೇ" ಎಂದರು.

"ಏನು ನೀವೇ?"

"ನನ್ನೆಸರಿನ ಮುಂದೆ ನಾನೇ ಒಂದು ಅಂತ ಹೆಂಗೆ ಬರ್ಕೊಳ್ಳೋದು? ಚೆನ್ನಾಗಿರಲ್ಲ ಅನ್ನಿಸ್ತು. ಅವ್ರಿಗೆ ಒಂದು ಹಾಕಿ, ನಂಗೆ ಎರಡು ಬರ್ಕೊಂಡೆ."

ಬೋರ್ಡಿನ ಮೇಲೆ ಬರೆದು ವಿವರಿಸಿದ ಗಣಿತದ ಮೇಷ್ಟ್ರು ಇವರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನಮ್ಮಪ್ಪನೂ ನಿಮ್ಮನ್ನ ಎರಡನೇದಾಗೇ ಇಟ್ಕೊಂಡಿದ್ರು. ಮೊದಲು ನೋಡಿದ್ದ ಗಂಡು ಒಲ್ಲೆ ಅಂದಿದ್ದು ನನ್ನ ಪುಣ್ಯ" ಎಂದೆ.

ಸ್ವಲ್ಪ ದೂರ ಹೋದ ಮೇಲೆ, "ನಿನ್ನ ಚೀಟೀಲಿ?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಹೆಸರಿನ ಮುಂದೆ ಒಂದು. ಮಿಕ್ಕವ್ರಿಗೆ ಎರಡು ಮೂರು ಬರೆಯೋಕೆ ನಂಗೆ ಕೈಯೇ ಬರ್ಲಿಲ್ಲ ರೀ."

ಅವರು ಹೊಸ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಡಲು ಎದ್ದರು. ನಾನು ಕೈ ಹಿಡಿದು ಅಲ್ಲೇ ಕೂರಿಸಿದೆ.