ಗುಂಡಿ ಮಾಮನ ಮುಂಗಾಲಿ

ಬೆಳಗಿನ ಐದೂಕಾಲು. ಮನೆಯ ಹಿಂದಿನ ಶೆಡ್ಡಿನಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಳ್ಳುತ್ತದೆ. ಅದರ ಕೆಳಗೆ ನಾಲ್ಕು ದಪ್ಪ ಗಾಲಿಯ, ಕಲ್ಲುಗುಡ್ಡ ಹತ್ತುವ ಕೆಂಪು ಬಂಡಿ, ಎಟಿವಿ. ಅದರ ಮೇಲೆ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಫೋಟೋಕ್ಕೆ ಕೂತವರಂತೆ ಗಂಭೀರವಾಗಿ ಕೂತಿದ್ದಾರೆ. ಎಂಜಿನ್ ಚಾಲೂ ಇಲ್ಲ. ಅವರು ಎಲ್ಲಿಗೂ ಹೊರಟಿಲ್ಲ. ಅವರ ಯಜಮಾನರು ಮುಂದಿನ ಗಾಲಿಯ ಪಕ್ಕದಲ್ಲಿ ನೆಲಕ್ಕೆ ಬೋರಲು ಬಿದ್ದು, ಬಟ್ಟೆ ಅಳೆಯುವ ಟೇಪಿನಿಂದ ನೆಲಕ್ಕೂ ಬಂಡಿಗೂ ನಡುವಿನ ಅಂತರ ಅಳೆಯುತ್ತಿದ್ದಾರೆ.

"ಅಲ್ಲಾಡಬೇಡ್ವೇ."

"ನಾನೆಲ್ಲಿ ಅಲ್ಲಾಡಿದೆ? ಉಸಿರಾಡಿದೆ. ಅದೂ ಬೇಡ್ವಾ?"

ಟೇಪು ಸುತ್ತಿಕೊಳ್ಳುತ್ತದೆ. "ಎರಡೇ ಬೆರಳು ಇಳಿದಿದೆ. ನಾಲ್ಕು ಇಳೀಬೇಕಿತ್ತು," ಎಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಮುಖದ ಮೇಲೆ ಚಿಂತೆ ಎದ್ದು ಕಾಣುತ್ತದೆ.

ಹೆಂಡತಿಯನ್ನೇ ತೂಕದ ಕಲ್ಲು ಮಾಡಿಕೊಂಡು ಬಂಡಿ ರಿಪೇರಿ ಮಾಡುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ಹೇಳಿ! ಇವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರಿಗೂ 'ಗುಂಡಿ ಮಾಮ'. ವಯಸ್ಸು ಅರವತ್ತಮೂರು. ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. ಮೂಳೆ ಮುರಿದವರನ್ನು, ತುಂಬು ಬಸುರಿಯರನ್ನು ಕರೆದೊಯ್ಯುವಾಗ ದಾರಿಯ ಒಂದೊಂದು ಗುಂಡಿಯನ್ನೂ ಮುಂಚಿತವಾಗಿ ಕೂಗಿ ಹೇಳುತ್ತಿದ್ದರಂತೆ: "ಮುಂದೊಂದು ಗುಂಡಿ ಬರುತ್ತೆ ತಾಯಿ, ಹಲ್ಲು ಕಚ್ಕೊಳ್ಳಿ... ಹಾಂ, ದಾಟಿದ್ವಿ." ಆಸ್ಪತ್ರೆಯ ನರ್ಸುಗಳು ತಮಾಷೆಗೆ ಇಟ್ಟ ಹೆಸರು ಗಟ್ಟಿಯಾಗಿ ನಿಂತುಬಿಟ್ಟಿತು. ಮಾಮನನ್ನು ಕಟ್ಟಿಕೊಂಡ ಒಂದೇ ತಪ್ಪಿಗೆ ಮನೆಯಾಕೆ ಊರಿಗೆಲ್ಲ 'ಅತ್ತೆ' ಆಗಿದ್ದಾರೆ.

ಕೆಂಪು ಬಂಡಿ ಅವರದಲ್ಲ. ಅದು ಆಸ್ಪತ್ರೆಯದು, ಓಡಿಸುವವರು ಅಲ್ಲಿನ ಸಿಸ್ಟರೊಬ್ಬರು. ವಾರಕ್ಕೆ ಮೂರು ದಿನ ಆಕೆ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಕಲ್ಲುಗಣಿಯ ಆಚೆಯ ಗುಡ್ಡ ಹತ್ತುತ್ತಾರೆ. ಹೋಗುವಾಗ ಹತ್ತೊಂಬತ್ತು ಕಿಲೋಮೀಟರ್, ಬರುವಾಗ ಅಷ್ಟೇ. ಮೇಲೆ ಅರವತ್ತನಾಲ್ಕು ಮನೆಗಳಿವೆ. ಹಸುಗೂಸಿಗೆ ಲಸಿಕೆ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್, ಗಾಯಕ್ಕೆ ಪಟ್ಟಿ, ಎಲ್ಲಕ್ಕೂ ಈಕೆಯೇ. ಜೀಪು ಅರ್ಧ ದಾರಿಯಲ್ಲೇ ಕೈಯೆತ್ತುತ್ತದೆ. ರೇಸು ಓಡಿಸುವ ಹುಡುಗರ ಕ್ಲಬ್ಬೊಂದು ತನ್ನ ಹಳೆಯ ಸ್ಪೋರ್ಟ್ ಎಟಿವಿಯನ್ನು ಆಸ್ಪತ್ರೆಗೆ ದಾನ ಕೊಟ್ಟದ್ದರಿಂದ ಈ ಸುತ್ತು ನಡೆಯುತ್ತಿದೆ. ದಾನ ಬಂದ ಕುದುರೆ ಓಡುವುದೇನೋ ಓಡುತ್ತದೆ, ಆದರೆ ಕುಲುಕು ತಡೆಯಬೇಕಾದ ಅದರ ಮುಂದಿನ ಶಾಕುಗಳು ಸತ್ತು ವರ್ಷಗಳಾಗಿದ್ದವು. ಕಲ್ಲಿನ ಪ್ರತಿ ಪೆಟ್ಟೂ ಗಾಲಿಯಿಂದ ಹ್ಯಾಂಡಲಿಗೆ, ಹ್ಯಾಂಡಲಿನಿಂದ ಸಿಸ್ಟರ್ ಅವರ ಮಣಿಕಟ್ಟಿಗೆ ನೇರವಾಗಿ ಬರುತ್ತಿತ್ತು.

ಈಗ ಅವರ ಬೆರಳುಗಳು ಜೋಮು ಹಿಡಿಯುತ್ತಿವೆ. ಹೋದ ತಿಂಗಳು ಅತ್ತೆಗೆ ವಿಟಮಿನ್ ಇಂಜೆಕ್ಷನ್ ಕೊಡುವಾಗ ಕೈ ನಡುಗಿ, ಎರಡು ಸಲ ಚುಚ್ಚಿ, ಕೊನೆಗೆ ಸಿರಿಂಜನ್ನು ಟ್ರೇಯಲ್ಲಿಟ್ಟು ಇನ್ನೊಬ್ಬ ನರ್ಸನ್ನು ಕರೆದರು. ಕಣ್ಣಲ್ಲಿ ನೀರಿತ್ತು. ಬಂಡಿ ಓಡಿಸುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಕೈಯೇ ಹೋದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಆ ದಾರಿಯಲ್ಲಿ ಬಂಡಿ ಓಡಿಸಬಲ್ಲ ಇನ್ನೊಬ್ಬರು ಆಸ್ಪತ್ರೆಯಲ್ಲಿಲ್ಲ. ಸಿಸ್ಟರ್ ನಿಲ್ಲಿಸಿದರೆ ಸುತ್ತೇ ನಿಂತಂತೆ.

ಇದು ಮಾಮನ ಕಿವಿಗೆ ಬಿದ್ದದ್ದೇ ತಡ, ಬಂಡಿ ಶೆಡ್ಡಿಗೆ ಬಂತು.

ಶೆಡ್ಡು ಎಂದರೆ ದೊಡ್ಡದೇನಲ್ಲ. ಒಂದು ಗೋಡೆಗೆ ಸ್ಪ್ಯಾನರುಗಳು, ಒಂದು ಮೂಲೆಯಲ್ಲಿ ವಾಷಿಂಗ್ ಮೆಷಿನ್. ಬೆಳಿಗ್ಗೆ ಏಳರವರೆಗೆ ಜಾಗ ಮಾಮನದು, ಆಮೇಲೆ ಅತ್ತೆಯದು ಎಂದು ಒಪ್ಪಂದ. ಬಿಚ್ಚಿದ ನಟ್ಟುಬೋಲ್ಟುಗಳು ಹಳೆಯ ಬಿಸ್ಕತ್ತು ಡಬ್ಬಿಯ ಮುಚ್ಚಳಗಳಲ್ಲಿ ಎಡಕ್ಕೆ ಎಡದವು, ಬಲಕ್ಕೆ ಬಲದವು ಎಂದು ಸಾಲಾಗಿ ಕೂತಿರುತ್ತವೆ. ನಿವೃತ್ತಿಯ ನಂತರದ ಮೂರು ವರ್ಷದಲ್ಲಿ ಮೂವತ್ತೊಂದು ಬಂಡಿಗಳ ಮುಂಭಾಗ ಇಲ್ಲಿ ಹೊಸದಾಗಿದೆ. ಎಲ್ಲ ಬಂಡಿಗೂ ಒಂದೇ ನಿಯಮ: ಓಡಿಸುವವರ ತೂಕ, ಹೊರುವ ಸಾಮಾನಿನ ತೂಕ ಎರಡನ್ನೂ ಕೇಳಿ, ಅಷ್ಟೇ ಭಾರವನ್ನು ಮೇಲೆ ಕೂರಿಸಿ ಹದ ಮಾಡುವುದು. ಆ ಭಾರ ಸಾಮಾನ್ಯವಾಗಿ ಅತ್ತೆ. ಕಡಿಮೆ ಬಿದ್ದರೆ ತೊಡೆಯ ಮೇಲೆ ನೀರಿನ ಕ್ಯಾನು.

"ಸಿಸ್ಟರು, ಅವರ ಪೆಟ್ಟಿಗೆ, ಎರಡೂ ಸೇರಿದ್ರೆ ಸರಿಯಾಗಿ ನಾನು. ಕ್ಯಾನೂ ಬೇಡ," ಎನ್ನುತ್ತಾರೆ ಅತ್ತೆ, ಬಂಡಿಯ ಮೇಲಿಂದಲೇ. "ಬೇರೆ ಹೆಂಗಸರು ತೂಕ ಮುಚ್ಚಿಡ್ತಾರೆ. ನನ್ನದು ಊರಿಗೆಲ್ಲ ಗೊತ್ತು. ಈ ಮಹಾನುಭಾವರ ದಯೆ!"

ಕಳೆದ ಭಾನುವಾರ ಮಾಮ ಬಂಡಿಯನ್ನು ಜಾಕಿನ ಮೇಲೆತ್ತಿ, ಮುಂಗಾಲಿ ಕಳಚಿ, ಸತ್ತ ಶಾಕುಗಳನ್ನು ತೆಗೆದರು. ಗಾಲಿಯನ್ನು ಬಂಡಿಗೆ ಹಿಡಿದಿಡುವ ಕಬ್ಬಿಣದ ತೋಳುಗಳಿಗೆ 'ಎ-ಆರ್ಮ್' ಎನ್ನುತ್ತಾರೆ. ಗಿಡ್ಡವಾಗಿದ್ದ ಅವುಗಳ ಜಾಗಕ್ಕೆ ಉದ್ದನೆಯವು ಬಂದವು. ಹೆಚ್ಚು ದೂರ ಮೇಲೆ ಕೆಳಗೆ ಆಡುವ, ಹದ ಬದಲಿಸಬಹುದಾದ ಹೊಸ ಶಾಕುಗಳು ಕೂತವು. ಗಾಲಿ ಅಗಲಕ್ಕೆ ಸರಿದದ್ದರಿಂದ ಬ್ರೇಕಿನ ಪೈಪು ಎಲ್ಲೂ ಎಳೆಯದಂತೆ ಹೊಸ ದಾರಿ ಮಾಡಿದರು. ದಾರ ಕಟ್ಟಿ ಎರಡೂ ಗಾಲಿ ನೇರ ಮಾಡಿದರು. ಒಂದೇ ದಿನದಲ್ಲಿ ಮುಗಿಸಿ, ಮಂಗಳವಾರದ ಸುತ್ತಿಗೆ ಬಂಡಿ ಕೊಟ್ಟೂ ಬಿಟ್ಟರು.

ಮಂಗಳವಾರ ಸಂಜೆ ಸಿಸ್ಟರ್ ಬಂದಾಗ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದರು. ಚೆನ್ನಾಗಿದೆ ಮಾಮ, ಚೆನ್ನಾಗಿದೆ ಎಂದರು. ಮುಖ ಬೇರೆಯೇ ಹೇಳುತ್ತಿತ್ತು. ಅತ್ತೆ ಗದರಿದ ಮೇಲೆ ನಿಜ ಹೊರಬಿತ್ತು.

"ಮೊದಲಿಗಿಂತ ಗಟ್ಟಿ ಆಗಿದೆ ಮಾಮ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಶುಕ್ರವಾರ ಒಂದ್ಸಲ ಹೋಗಿ ಬರ್ತೀನಿ. ಕೈ ಹೀಗೇ ಇದ್ರೆ ಸೋಮವಾರ ಬಂಡಿ ಕೀಲಿಕೈ ಆಸ್ಪತ್ರೆಗೆ ಒಪ್ಪಿಸಿಬಿಡ್ತೀನಿ."

ಇವತ್ತು ಆ ಶುಕ್ರವಾರ. ಸಿಸ್ಟರ್ ಆರೂವರೆಗೆ ಬರುತ್ತಾರೆ.

ಮಾಮ ಶಾಕಿನ ಉಂಗುರ ತಿರುಗಿಸಿ ನೋಡುತ್ತಾರೆ. ಗಾಲಿಯ ಗಾಳಿ ನೋಡುತ್ತಾರೆ. ಎಲ್ಲ ಸರಿಯಿದೆ, ಆದರೂ ಎರಡೇ ಬೆರಳು. ಆಗ ಮೇಲಿಂದ ಅತ್ತೆಯ ಪ್ರಶ್ನೆ ಬರುತ್ತದೆ.

"ಅಲ್ಲ ರೀ, ಭಾನುವಾರ ನಾನು ತಂಗಿ ಮನೇಲಿದ್ದೆ. ಬೋಲ್ಟ್ ಬಿಗಿ ಮಾಡುವಾಗ ಮೇಲೆ ಯಾರು ಕೂತಿದ್ರು?"

ಮಾಮ ನೆಲದಿಂದ ನಿಧಾನವಾಗಿ ಎದ್ದು ಕೂರುತ್ತಾರೆ.

ಯಾರೂ ಕೂತಿರಲಿಲ್ಲ. ಗಾಲಿ ಗಾಳಿಯಲ್ಲಿ ಜೋತಾಡುತ್ತಿದ್ದಾಗಲೇ ಬಿಗಿ ಮಾಡಿಬಿಟ್ಟಿದ್ದರು! ಎ-ಆರ್ಮಿನ ಬುಡದಲ್ಲಿ ರಬ್ಬರಿನ ಬಳೆ, ಅಂದರೆ ಬುಷ್ ಇರುತ್ತದೆ. ಬೋಲ್ಟು ಬಿಗಿಯಾದಾಗ ತೋಳು ಯಾವ ಸ್ಥಿತಿಯಲ್ಲಿದೆಯೋ ರಬ್ಬರು ಅದನ್ನೇ ಕಚ್ಚಿಕೊಳ್ಳುತ್ತದೆ. ಜೋತುಬಿದ್ದಾಗ ಬಿಗಿದರೆ, ಬಂಡಿ ನೆಲಕ್ಕಿಳಿದ ಮೇಲೆ ರಬ್ಬರು ಬಟ್ಟೆ ಹಿಂಡಿದಂತೆ ತಿರುಚಿಕೊಂಡು, ಇಳಿಯಲಾರೆ ಎಂದು ಹಟ ಹಿಡಿಯುತ್ತದೆ. ಎಂಥ ಶಾಕು ಹಾಕಿದರೂ ನೀರಲ್ಲಿ ಹೋಮ. ಇದನ್ನು ರೇಸಿನ ಹುಡುಗರಿಗೆ ನೂರು ಸಲ ಹೇಳಿಕೊಟ್ಟವರು ಇದೇ ಮಾಮ.

"ಅವಸರವೇ ಅಪಘಾತಕ್ಕೆ ಕಾರಣ ಅಂತ ಇಪ್ಪತ್ತೆರಡು ವರ್ಷ ಗಾಡಿಗೆ ಅಂಟಿಸ್ಕೊಂಡು ಓಡಾಡಿದ್ರಿ," ಅತ್ತೆ ಬಿಡುವುದಿಲ್ಲ. "ನಾನೊಂದು ದಿನ ಮನೇಲಿಲ್ಲ ಅಂದ್ರೆ ಇದು ಅವಸ್ಥೆ!"

"ಬೈಯಿ, ಬೈಯಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ," ಎನ್ನುತ್ತಾ ಮಾಮ ಸ್ಪ್ಯಾನರ್ ಹಿಡಿದು ಮತ್ತೆ ನೆಲಕ್ಕೆ ಬೀಳುತ್ತಾರೆ.

ಅವಸರಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಅತ್ತೆ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಂದು ಆಂಬುಲೆನ್ಸ್ ಓಡಿಸಿದ್ದು ಮಾಮನೇ. ಹಿಂದೆ ಇದೇ ಸಿಸ್ಟರ್.

"ಆವತ್ತು ಗುಂಡಿ ಕೂಗೋಕೆ ನನಗೆ ಬಾಯೇ ಬರಲಿಲ್ಲ. ಕನ್ನಡೀಲಿ ನೋಡ್ತೀನಿ, ಸಿಸ್ಟರು ನೆಲಕ್ಕೆ ಮಂಡಿಯೂರಿ ಇವಳ ಸೊಂಟದ ಕೆಳಗೆ ಎರಡೂ ಅಂಗೈ ಕೊಟ್ಕೊಂಡು ಕೂತಿದ್ದಾರೆ. ಹನ್ನೊಂದು ಕಿಲೋಮೀಟರ್ ಕೈ ತೆಗೀಲಿಲ್ಲ. ಗುಂಡಿ ಎಲ್ಲ ಆ ಕೈ ಮೇಲೇ ಬಿತ್ತು. ಇವಳು ಇವತ್ತು ಬಂಡಿ ಹತ್ತಿ ಕೂರ್ತಾಳೆ ಅಂದ್ರೆ ಆ ಕೈಯಿಂದ. ಅದೇ ಕೈ ಜೋಮು ಹಿಡೀತಿದೆ ಅಂತ ಕೇಳಿದ್ಮೇಲೆ ನನಗೆ ನಿದ್ದೆ ಬರುತ್ತಾ, ಹೇಳಿ?" ಎಂದು ಮಾಮ ನೆಲದಿಂದಲೇ ನಮ್ಮನ್ನು ಕೇಳುತ್ತಾರೆ.

ಅತ್ತೆ ಬೈಯುವುದನ್ನು ನಿಲ್ಲಿಸಿ, ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಾಡಬೇಡ ಎಂದು ಈ ಸಲ ಯಾರೂ ಹೇಳುವುದಿಲ್ಲ.

ಎಡಗಡೆಯ ಬೋಲ್ಟು ಸಡಿಲವಾಗುತ್ತದೆ. ಬಲಗಡೆಯದೂ ಸಡಿಲವಾದ ಕೂಡಲೇ ಒಳಗೆಲ್ಲೋ 'ಟಕ್' ಎಂದು ಸದ್ದಾಗಿ ಬಂಡಿಯ ಮೂತಿ ಮೆಲ್ಲಗೆ ಕೆಳಗಿಳಿಯುತ್ತದೆ.

"ಅಯ್ಯಯ್ಯೋ, ಇಳೀತಲ್ರೀ!"

"ಇಳೀಲಿ ಬಿಡೇ! ಇಳಿಯೋದೇ ಬೇಕಾಗಿರೋದು!" ಟೇಪು ಮತ್ತೆ ಹೊರಬರುತ್ತದೆ. ನಾಲ್ಕು ಬೆರಳು. ಮಾಮ ಇನ್ನೊಮ್ಮೆ ಅಳೆಯುತ್ತಾರೆ. ಆಗಲೂ ನಾಲ್ಕೇ. ರಬ್ಬರು ಎಲ್ಲೂ ಹರಿದಿಲ್ಲವೆಂದು ಟಾರ್ಚು ಬಿಟ್ಟು ಖಾತ್ರಿ ಮಾಡಿಕೊಂಡು, ಅತ್ತೆಯನ್ನು ಹಾಗೇ ಕೂರಿಸಿ, ಗಾಲಿ ನೆಲದ ಮೇಲಿರುವಂತೆಯೇ ಒಂದೊಂದಾಗಿ ಎಲ್ಲ ಬೋಲ್ಟು ಬಿಗಿ ಮಾಡುತ್ತಾರೆ. ಕೊನೆಗೆ ದಾರ ಕಟ್ಟಿ ಗಾಲಿಯ ನೇರವನ್ನೂ ಮತ್ತೆ ನೋಡಿಕೊಳ್ಳುತ್ತಾರೆ.

ಆರೂವರೆಗೆ ಸಿಸ್ಟರ್ ಬರುತ್ತಾರೆ. ಮಾಮ ಕೈ ಒರೆಸಿಕೊಂಡು, ತಲೆ ತಗ್ಗಿಸಿ, ನಡೆದದ್ದನ್ನು ನಡೆದಂತೆ ಹೇಳುತ್ತಾರೆ. "ತಪ್ಪು ನಂದೇ ಮಗಳೇ. ಬಂಡಿಗೇನೂ ಆಗಿರಲಿಲ್ಲ. ಇವತ್ತು ಸರಿಯಾಗುತ್ತೆ ಅಂತ ನಂಬ್ಕೊಂಡಿದೀನಿ."

"ನನ್ನ ಇಂಜೆಕ್ಷನ್ ಇವತ್ತಿಗೆ ಬಾಕಿ ಇದೆ," ಎನ್ನುತ್ತಾರೆ ಅತ್ತೆ, ಬಂಡಿಯಿಂದ ಜೋಪಾನವಾಗಿ ಇಳಿಯುತ್ತಾ. "ಸಾಯಂಕಾಲ ಬಂದು ನೀನೇ ಹಾಕ್ಬೇಕು. ಬೇರೆಯವರ ಹತ್ರ ಹಾಕಿಸ್ಕೊಳಲ್ಲ."

ಸಿಸ್ಟರ್ ನಗಲು ನೋಡುತ್ತಾರೆ, ನಗು ಬರುವುದಿಲ್ಲ. ಬಂಡಿ ಗೇಟು ದಾಟುತ್ತದೆ.

ಆಮೇಲಿನ ಹೊತ್ತು ಮಾಮ ಮಾಡಿದ ಕೆಲಸವೆಂದರೆ ಒರೆಸಿದ ಸ್ಪ್ಯಾನರನ್ನೇ ಒರೆಸಿದ್ದು. ಊಟದ ತಟ್ಟೆಯ ಮುಂದೆ ಕೂತು, "ಈಗ ಗಣಿಯ ಹತ್ತಿರದ ದೊಡ್ಡ ಗುಂಡಿ ಬಂದಿರುತ್ತೆ," ಎಂದು ಗಡಿಯಾರ ನೋಡುತ್ತಾರೆ. ಇನ್ನೊಂದು ತುತ್ತಿಗೆ ಇನ್ನೊಂದು ಗುಂಡಿ. ದಾರಿಯೆಲ್ಲ ಅವರಿಗೆ ಬಾಯಿಪಾಠ. ಮೊದಲು ಊಟ ಮಾಡಿ ಎಂದು ಅತ್ತೆ ಬಡಿಸುತ್ತಲೇ ಇರುತ್ತಾರೆ, ಅವರ ಕಿವಿಯೂ ಗೇಟಿನ ಕಡೆಗೇ.

ನಾಲ್ಕೂ ಹತ್ತಕ್ಕೆ ಎಂಜಿನ್ ಸದ್ದು ಕೇಳಿಸುತ್ತದೆ. ಸಿಸ್ಟರ್ ಮೈತುಂಬ ಕೆಂಪು ಧೂಳು ಹೊತ್ತು ಇಳಿಯುತ್ತಾರೆ. ನೇರ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು, ಪೆಟ್ಟಿಗೆ ತೆರೆದು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಾರೆ. ಅತ್ತೆ ತೋಳಿನ ಮೇಲಿನ ಬಟ್ಟೆ ಮಡಚಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಮಾಮ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಅವರಿಗೆ ನೋಡುವ ಧೈರ್ಯವಿಲ್ಲ.

"ಹಾಕು ಮತ್ತೆ, ಏನು ಯೋಚನೆ?" ಎನ್ನುತ್ತಾರೆ ಅತ್ತೆ.

"ಆಗಲೇ ಹಾಕಾಯ್ತು ಅತ್ತೆ."

ಸಿಸ್ಟರ್ ಹತ್ತಿ ಒತ್ತಿ ಹಿಡಿದು ಅಳುತ್ತಾರೆ, ನಗುತ್ತಾರೆ, ಎರಡೂ ಒಟ್ಟಿಗೇ. ಆಮೇಲೆ ಎದ್ದು ಬಂದು ಗ್ರೀಸು ಮೆತ್ತಿದ ಮಾಮನ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಸೋಮವಾರ ಕೀಲಿಕೈ ಕೊಡಲ್ಲ ಮಾಮ. ಆ ದಾರೀಲಿದ್ದ ಗುಂಡಿ ಎಲ್ಲ ಏನು ಮಾಡಿದ್ರಿ?"

ಮಾಮ ಮೂಗೊರೆಸಿಕೊಂಡು, ಹಿಡಿದ ಕೈಗಳನ್ನೇ ನೋಡುತ್ತಾ ಹೇಳುತ್ತಾರೆ:

"ನಾನೇನು ಮಾಡ್ಲಿ ಮಗಳೇ, ಗುಂಡಿ ಅಲ್ಲೇ ಇದೆ. ಈ ಕೈವರೆಗೂ ಬರಲಿಲ್ಲ, ಅಷ್ಟೇ."