ಎಲ್ಲಾರ ಮುಂದ

ಹೋದ ವಾರ ಜಗತ್ ಸರ್ಕಲ್ ಹತ್ತಿರ ರಸ್ತೆ ದಾಟುವಾಗ ಒಂದು ತಳ್ಳುಗಾಡಿಯ ಕಡೆಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಪೂರ್ತಿ ಮಾಗಿ, ಇನ್ನೊಂದು ದಿನ ಬಿಟ್ಟರೆ ಕೆಡುತ್ತದೆ ಅನ್ನುವಾಗ ಬರುವ ವಾಸನೆ. ಸಿಹಿ, ಅದರ ಹಿಂದೆಯೇ ತುಸು ಹುಳಿ. ಶಹಾಬಜಾರದ ನಮ್ಮ ಹಳೆಯ ಮನೆಯ ಮೆಟ್ಟಿಲ ಮೇಲೆ ಒಂದು ಕಾಲಕ್ಕೆ ಯಾವಾಗಲೂ ಆ ವಾಸನೆ ಇರುತ್ತಿತ್ತು. ಮೇಲಿನ ಮನೆಯ ವೈನಿಗೆ ಕಮಲಾಪುರದ ತವರಿನಿಂದ ಗೊನೆ ಬರುತ್ತಿತ್ತು. ಅರ್ಧ ಅವರು ಇಟ್ಟುಕೊಂಡು ಅರ್ಧ ನಮಗೆ ಕೊಡುತ್ತಿದ್ದರು.

ವೈನಿ ನಮ್ಮ ಬಳಗವೇನಲ್ಲ. ಮಾಳಿಗೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವರು. ನಾನು ಆಗ ಡಿಗ್ರಿ ಓದುತ್ತಿದ್ದೆ, ಅಣ್ಣಂದಿರಿಲ್ಲದ ಮನೆ ನಮ್ಮದು, ಹಾಗಾಗಿ ಅಣ್ಣನ ಹೆಂಡತಿಗೆ ಅನ್ನುವ ಹಾಗೆ ಅವರನ್ನೇ ವೈನಿ ಎಂದೆ. ಅವರ ಗಂಡ ಕಪನೂರದ ದಾಲ್ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ಸಂಜೆ ಹುಬ್ಬು, ಕೂದಲಿಗೆಲ್ಲ ತೊಗರಿಯ ಧೂಳು ಮೆತ್ತಿಕೊಂಡು ಬರುತ್ತಿದ್ದರು. ವೈನಿ ಮೆಟ್ಟಿಲ ತುದಿಯಲ್ಲಿ ಟವೆಲ್ ಹಿಡಿದು ನಿಂತಿರುತ್ತಿದ್ದರು. ಒಳಗೆ ಬಿಡುವ ಮುಂಚೆ ಜಮಖಾನೆ ಝಾಡಿಸಿದ ಹಾಗೆ ಗಂಡನನ್ನು ಝಾಡಿಸುವುದು, ಅವರು ಮುಖ ಮುಚ್ಚಿಕೊಂಡು ನಗುವುದು, ಒಳಗಿನಿಂದ ಅತ್ತೆ "ಸಾಕ ಮಾಡ್ರವ್ವ ನಿಮ್ಮ ಆಟ" ಅನ್ನುವುದು... ಕೆಳಗೆ ಓದಲು ಕೂತ ನನಗೆ ಎಲ್ಲ ಕೇಳಿಸುತ್ತಿತ್ತು.

ಮದುವೆಯಾದ ಎರಡನೆಯ ವರ್ಷ ವೈನಿಗೆ ಬಸಿರು ನಿಂತು, ನಾಲ್ಕನೆಯ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಬಂದ ದಿನ ಗಂಡ ನಮ್ಮ ಮೆಟ್ಟಿಲ ಮೇಲೆ ಕೂತು, ಅದೇ ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತರು. ಅತ್ತೆ ಬಾಣಂತಿಯರಿಗೆ ಕೊಡುವ ಅಳ್ವಿ ಪಾಯಸ ಮಾಡಿ ತಾವೇ ಕುಡಿಸುತ್ತಿದ್ದರು, ಮಧ್ಯಾಹ್ನ ಸೊಸೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಈ ಮಾತಿಗೆ ಯಾವ ಬೆಲೆಯೂ ಉಳಿಯಲಿಲ್ಲವಾದ್ದರಿಂದ ಇಲ್ಲಿ ಹೇಳಿಡುತ್ತಿದ್ದೇನೆ.

ಆ ವರ್ಷ ದೀಪಾವಳಿಗೆ ನಾದಿನಿ, ಅವಳ ಗಂಡ ಬಂದಿದ್ದರು. ಊಟಕ್ಕೆ ಕೂತಾಗ ನಾದಿನಿ, ಮತ್ತೆ ಏನಾದರೂ ವಿಶೇಷ ಉಂಟೋ ಇಲ್ಲವೋ ಎಂದು ಕೇಳಿದಳಂತೆ. ವೈನಿ ಮುಖ ಮುರಿದ ಹಾಗೆ ಏನೋ ಹೇಳಿದರು. ಗಂಡ ಎದ್ದು ಎಲ್ಲರೆದುರು ಅವರ ಕೆನ್ನೆಗೆ ಹೊಡೆದರು.

ವೈನಿ ಕೆಳಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. ಅಳಲಿಲ್ಲ. ಅವ್ವನಿಗೆ ಹೇಳಿದರು: "ಹೊಡದಾರ ಅಂತ ಅಲ್ರಿ ಕಾಕು. ಎಲ್ಲಾರ ಮುಂದ ಹೊಡದ್ರು. ಎಲ್ಲಾರ ಮುಂದ ತಪ್ಪಾತು ಅನ್ಲಿ, ಸಾಕು ನನಗ."

ಗಂಡ ಅರ್ಧ ಮೆಟ್ಟಿಲು ಇಳಿದು ಅಲ್ಲೇ ನಿಂತಿದ್ದರು. ಮೇಲಿಂದ ಅವರ ಭಾವ, ನಾದಿನಿಯ ಗಂಡ, ಕರೆದರು. ತಿರುಗಿ ಹತ್ತಿ ಹೋದರು. ಮರುದಿನ ಕಮಲಾಪುರದಿಂದ ದೊಡ್ಡಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋದರು. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ವೈನಿ ತುಳಸಿಗೆ ನೀರು ಹಾಕುವ ಕೆಲಸ ನನಗೆ ಒಪ್ಪಿಸಿದ್ದರು.

ಕಮಲಾಪುರದಲ್ಲಿ ಎರಡೂ ಕಡೆಯ ಹಿರಿಯರು ಕೂಡಿದರು. ಮನೆ ಮಾಲೀಕರೆಂದು ನಮ್ಮವರನ್ನೂ ಕರೆದಿದ್ದರು. ಅಲ್ಲಿ ನಡೆದದ್ದನ್ನು ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಮೊದಲು ಮಾತಾಡಿದ ದೊಡ್ಡಣ್ಣ ಒಂದು ಏಟು ಎಂದರು. ಅವರ ಬೆನ್ನಿಗೆ ನಡುವಿನ ಅಣ್ಣ, ಒಂದಲ್ಲ, ದಿನಾ ಹೊಡೆಯುತ್ತಿದ್ದ ಎಂದ. ಸೋದರಮಾವ ಬೆಲ್ಟಿನಿಂದ ಎಂದರು. ಹಿಂದಿನವರಿಗಿಂತ ಕಡಿಮೆ ಹೇಳಿದರೆ ಹುಡುಗಿಯ ಮೇಲೆ ತನಗೆ ಪ್ರೀತಿ ಕಡಿಮೆ ಅಂತಾದೀತು ಎಂಬ ಹಾಗೆ ಒಬ್ಬೊಬ್ಬರೂ ಏರಿಸುತ್ತಲೇ ಹೋದರು. ಗಂಡನ ಕಡೆಯವರೂ ಬಿಡಲಿಲ್ಲ. ಅಡುಗೆ ಬರುವುದಿಲ್ಲ ಎಂದು ಶುರುವಾದದ್ದು ಫೋನಿಗೆ ಬಂತು, ಫೋನಿನಿಂದ ನಡತೆಗೆ ಬಂತು. ಅವ್ವ ಎದ್ದು ನಿಂತು, "ಒಂದ ಏಟರಿ, ನಮ್ಮ ಮನ್ಯಾಗ ಆಗಿದ್ದು, ನನಗ ಗೊತ್ತದ" ಅಂದಳಂತೆ. "ನೀವು ಬಾಡಿಗಿ ತಗೊಳ್ಳಾವ್ರು, ಒಳಗಿಂದು ನಿಮಗೇನ ಗೊತ್ತಾಗ್ತದರಿ" ಎಂದು ಯಾರೋ ಅವಳನ್ನು ಕೆಳಗೆ ಕೂಡಿಸಿದರು. ಗಂಡ ತಲೆ ತಗ್ಗಿಸಿ ಕೂತಿದ್ದರು. ವೈನಿ ಬಾಗಿಲ ಹಿಂದೆ. ಅವರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ.

ಅಣ್ಣಂದಿರು ಪೊಲೀಸರಿಗೆ ಕೊಟ್ಟ ದೂರಿನಲ್ಲಿ, ಅತ್ತೆ ಹೊಟ್ಟೆಗೆ ಒದ್ದದ್ದರಿಂದಲೇ ಗರ್ಭ ಹೋಯಿತು ಎಂದು ಬರೆಸಿದ್ದರು. ಸಕ್ಕರೆ ಕಾಯಿಲೆಯ ಆ ಮುದುಕಿ ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕೂತರು. ಸಂಜೆ ಮನೆಗೆ ಬಂದು ಅವ್ವನ ಕೈ ಹಿಡಿದು ಕೇಳಿದರು: "ನಾ ಒದ್ದೀನಂತ ಆಕಿ ಹೇಳ್ಯಾಳೇನರಿ?" ಅವ್ವ ಅವರನ್ನು ಒಳಗೆ ಕರೆದು ಊಟಕ್ಕೆ ಕೂಡಿಸಿದಳು.

ಅಣ್ಣಂದಿರೇ ಮುಂದೆ ನಿಂತು ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಹಾಕಿಸಿದರು. ಅದಕ್ಕೆ ಗಂಡನ ಕಡೆಯಿಂದ ಉತ್ತರ ಬಂತು: ಆ ಗರ್ಭ ತನ್ನದೇ ಎಂಬುದಕ್ಕೆ ಖಾತ್ರಿಯಿಲ್ಲ. ಕೆಳಗೆ ಅವರ ಸಹಿ. ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತಿದ್ದ ಮನುಷ್ಯನ ಸಹಿ. ತಾಯಿಯನ್ನು ಠಾಣೆಯಲ್ಲಿ ಕೂಡಿಸಿದವರಿಗೆ ಹೀಗೇ ಮುಟ್ಟಿಸಬೇಕೆಂದು ಭಾವ, ಕಾಕಾ, ವಕೀಲರು ಎಲ್ಲ ಕೂತು ಬರೆದದ್ದಂತೆ. ಸಹಿ ಮಾಡಲಾರೆ ಎಂದರೆ ಅಷ್ಟೂ ಜನರ ಮುಖ ನೋಡಬೇಕಿತ್ತು...

ಸಾಕ್ಷಿಗೆಂದು ಅವ್ವನನ್ನು ಕರೆಸುತ್ತಿದ್ದರು, ಜೊತೆಗೆ ನಾನು ಹೋಗುತ್ತಿದ್ದೆ. ಒಂದು ತಾರೀಖಿಗೆ ಸಂಧಾನದ ಮೇಡಂ ಎರಡೂ ಕಡೆಯವರನ್ನು ಹೊರಗೆ ಕಳಿಸಿ, ಇವರಿಬ್ಬರನ್ನೇ ಒಂದು ಕೋಣೆಯಲ್ಲಿ ಕೂಡಿಸಿದರು. ಒಳಗಿನ ಮಾತನ್ನು ವೈನಿಯೇ ಆಮೇಲೆ ನನಗೆ ಹೇಳಿದ್ದು. ಮೊದಲು ಗಂಡ, "ಊಟ ಮಾಡೀಯೇನು?" ಎಂದರು. ಅಷ್ಟಕ್ಕೇ ವೈನಿಗೆ ಅಳು ತಡೆಯಲಾಗಲಿಲ್ಲ. ಗಂಡ ಟೇಬಲ್ಲಿನ ಮೇಲಿನಿಂದ ಕೈ ಚಾಚಿ, ಮನೆಗೆ ಹೋಗೋಣ ನಡಿ ಎಂದರು. ಹೊರಗೆ ಹೋಗಿ ಎಲ್ಲಾರ ಮುಂದ ತಪ್ಪಾತು ಅಂತೀರೇನು ಎಂದು ವೈನಿ ಕೇಳಿದರು. ಅಂತೀನಿ ಎಂದರು.

ಬಾಗಿಲು ತೆರೆದಾಗ ನಾನು ಎದುರಿಗೇ ಇದ್ದೆ. ಗಂಡ ಮುಂದೆ, ವೈನಿ ಹಿಂದೆ, ಅಳು ತೊಳೆದ ಮುಖದಲ್ಲಿ ಸಣ್ಣ ನಗು. ಆ ನಗುವನ್ನು ನೋಡಿಯೇ ವರಾಂಡದಲ್ಲಿದ್ದವರಿಗೆ ವಿಷಯ ತಿಳಿಯಿತು. ಒಂದು ಗೋಡೆಗೆ ಅವರ ಕಡೆಯವರು, ಇನ್ನೊಂದು ಗೋಡೆಗೆ ಇವರ ಕಡೆಯವರು. ಅಂಗಡಿ ಮುಚ್ಚಿ, ರಜೆ ಹಾಕಿ ಬಂದವರು.

ಮೊದಲು ಬಾಯಿ ತೆರೆದವರು ಗಂಡನ ಕಾಕಾ. "ನಿಮ್ಮವ್ವನ್ನ ಠಾಣೇದಾಗ ಕುಂದ್ರಿಸಿದಾಕಿನ್ನ ಯಾವ ಮಾರಿ ಇಟಗೊಂಡು ಕರಕೊಂಡು ಹೊಂಟೀಯೋ?"

ಈ ಕಡೆಯಿಂದ ದೊಡ್ಡಣ್ಣ ತಂಗಿಯನ್ನು ನೋಡಿದರು. ಕೂಗಾಡಲಿಲ್ಲ. "ನಿನ್ನ ಹೊಟ್ಯಾಗಿನ ಕೂಸು ತನ್ನದಲ್ಲ ಅಂತ ಬರದಾನ. ಹೋಗು ಅವನ ಕೂಡ. ನಮಗ ತಂಗೀನ ಇರಲಿಲ್ಲ ಅಂತ ತಿಳಕೋತೀವಿ."

ಗಂಡ ವರಾಂಡದ ನಡುವೆ ನಿಂತರು. ತುಟಿ ಅಲುಗಿತು. ವೈನಿ ಕಾದರು. ಹೇಳಬೇಕಾದದ್ದು ಒಂದೇ ಮಾತು, ಕೇಳಬೇಕಾದವರೆಲ್ಲ ಅಲ್ಲೇ ಇದ್ದರು. ಗಂಡನ ಕಣ್ಣು ಕಾಕಾನ ಮೇಲೆ, ಭಾವನ ಮೇಲೆ, ಗೋಡೆಗೆ ಒರಗಿ ಕೂತ ತಾಯಿಯ ಮೇಲೆ ಹೋಯಿತು. ಆ ತಾಯಿ ತಲೆ ಎತ್ತಲಿಲ್ಲ. ಕೊನೆಗೆ ಗಂಡ ಮೇಡಂ ಕಡೆ ತಿರುಗಿ, "ಆಗೂದಿಲ್ರಿ" ಎಂದರು.

"ನಿಂದೇನಮ್ಮಾ?" ಎಂದು ಮೇಡಂ ಕೇಳಿದಾಗ ವೈನಿಯೂ ಅದನ್ನೇ ಹೇಳಿದರು. ಅಣ್ಣಂದಿರು ಅವರನ್ನು ನಡುವೆ ಹಾಕಿಕೊಂಡು ಮೆಟ್ಟಿಲಿಳಿದರು. ದೊಡ್ಡಣ್ಣ ತಂಗಿಯ ತಲೆಯ ಮೇಲೆ ಕೈ ಇಟ್ಟಿದ್ದರು.

ಆಮೇಲೆ ಪಾಟೀಸವಾಲು. ಗಂಡನ ವಕೀಲರು ಗರ್ಭದ ಬಗ್ಗೆ ಕೇಳಿದರು, ಯಾವ ತಿಂಗಳು, ಆಗ ಗಂಡ ಊರಲ್ಲಿದ್ದರೇ, ಹೌದು ಅಥವಾ ಇಲ್ಲ ಅಷ್ಟೇ ಹೇಳಬೇಕು. ಅದಕ್ಕೂ ಮೊದಲು ತಮ್ಮ ಕಡೆಯ ವಕೀಲರು ಅತ್ತೆ ಒದ್ದರೇ ಎಂದು ಕೇಳಿದಾಗ ವೈನಿ ಹೌದು ಎಂದಿದ್ದರು. ಹಾಗೆ ಹೇಳುವಾಗ ಅವರ ಧ್ವನಿ ಬೇರೆಯವರದ್ದಿತ್ತು. ಹೊರಗೆ ಬಂದ ಮೇಲೆ ನೀರಿನ ನಳದ ಹತ್ತಿರ ಸಿಕ್ಕರು. "ಎಲ್ಲಾರೂ ಇಷ್ಟ ಸಲ ಹೇಳ್ಯಾರ, ಒಮ್ಮೊಮ್ಮೆ ನನಗೂ ಒದ್ದಂಗ ನೆನಪಾಗ್ತದ ನೋಡು" ಎಂದರು. ಅದೇ ಕೊನೆ. ಆಮೇಲೆ ನಾನು ಅವರನ್ನು ಕಾಣಲಿಲ್ಲ. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಆಯಿತೆಂದು ಸುದ್ದಿ ಬಂತು. ಗಂಡ ಮೇಲಿನ ಮನೆ ಖಾಲಿ ಮಾಡಿದರು. ಕೆಲವು ವರ್ಷಗಳಲ್ಲಿ ನಾವೂ ಆ ಮನೆ ಬಿಟ್ಟೆವು.

ಈ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಒಮ್ಮೆ ನೋಡಿ ಬರೋಣ ಎಂದಷ್ಟೇ ಮನಸ್ಸಿನಲ್ಲಿತ್ತು. ದೊಡ್ಡಣ್ಣ ಬಾಗಿಲಲ್ಲೇ ಗುರುತು ಹಿಡಿದರು, ಒಳಗೆ ಕರೆದರು. ಪಡಸಾಲೆಯ ಗೋಡೆಯ ಮೇಲೆ ವೈನಿಯ ಫೋಟೋ, ಅದಕ್ಕೆ ಹಾರ.

"ಎರಡ ವರ್ಷ ಆತವ್ವ. ಕಾಮಾಲಿ ಆಗಿತ್ತು. ಕಣ್ಣ ಹಳದಿ ಆಗೂತನಾ ನಮಗ ಹೇಳಲೇ ಇಲ್ಲ ಆಕಿ" ಎಂದರು.

ಅದು ಕೋರ್ಟಿಗೆಂದು ತೆಗೆಸಿದ್ದ ಸಣ್ಣ ಫೋಟೋ. ಮದುವೆಯ ಫೋಟೋಗಳನ್ನೆಲ್ಲ ಸುಟ್ಟಿದ್ದರಿಂದ ಬೇರೆ ಇರಲಿಲ್ಲವಂತೆ. ದೊಡ್ಡದು ಮಾಡಿಸಿದ್ದಕ್ಕೆ ಮುಖ ಮಸುಕಾಗಿತ್ತು, ಕಣ್ಣುಗಳು ಮಾತ್ರ ಕ್ಯಾಮೆರಾಕ್ಕೆ ಹೆದರಿದ ಹಾಗೆ ನೆಟ್ಟಿದ್ದವು.

ಅಡುಗೆಮನೆಯಲ್ಲಿ ಚಹಾ ಸೋಸುತ್ತ ದೊಡ್ಡಣ್ಣನ ಹೆಂಡತಿ ಬಹಳ ಒಳ್ಳೆಯ ಮಾತುಗಳನ್ನಾಡಿದರು. ಇಡೀ ಮನೆಯ ರೊಟ್ಟಿ ಆಕೆಯೇ ಬಡಿಯುತ್ತಿದ್ದಳು, ಎದುರು ಮಾತಿಲ್ಲ, ಕಾಳು ಚೀಲ ಇಡುವ ಕೋಣೆಯಲ್ಲಿ ಮಲಗುತ್ತಿದ್ದಳು. "ನಮ್ಮ ಹುಡಿಗಿನ್ನ ನೋಡಾಕ ಬಂದಾಗ ಅಷ್ಟ ಆಕಿನ್ನ ಹೊಲಕ್ಕ ಕಳಸ್ತಿದ್ವಿ. ಕೋರ್ಟ್ ಹತ್ತಿದಾಕಿ ಮನ್ಯಾಗ ಅದಾಳ ಅಂದ್ರ ಬೀಗರು ಹಿಂದ ಸರೀತಾರಲ್ಲವಾ? ತಾನ ಎದ್ದು ಹೋಗಾಕಿ ಪಾಪ, ನಾವು ಹೇಳೂದ ಬ್ಯಾಡಾಗಿತ್ತು."

ಚಹಾ ಕುಡಿದು, ಗಂಡನಿಗೆ ತಿಳಿಸಿದಿರಾ ಎಂದು ದೊಡ್ಡಣ್ಣನನ್ನು ಕೇಳಿದೆ.

"ಅವಗ ಯಾಕವ್ವ? ಅವ ನಮಗ ಏನಾಗಬೇಕು?" ಎಂದರು. ಆಮೇಲೆ ಫೋಟೋ ಕಡೆ ನೋಡಿದರು. ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಲ್ಲ. "ಆದ್ರ ಕೇಸ್ ಮಾತ್ರ ಬಿಡಲಿಲ್ಲ ನಾವು. ತೀರ್ಪು ಆಕಿ ಕಡೀನ ಆತು. ಗೆದ್ದೇವಿ."

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತೆ. ಕಪನೂರದ ಹತ್ತಿರ ಬಸ್ಸು ನಿಧಾನವಾಯಿತು. ಆ ಮನುಷ್ಯ ಇಲ್ಲೇ ಹಿಂದಿನ ಬಡಾವಣೆಯಲ್ಲಿ ಮನೆ ಮಾಡಿದ್ದಾರೆ, ಮತ್ತೊಂದು ಮದುವೆಯಾಗಿ ಶಾಲೆಗೆ ಹೋಗುವ ಮಗಳಿದ್ದಾಳೆ ಎಂದು ಕೇಳಿದ್ದೆ. ಅವರ ಪಾಲಿಗೆ ವೈನಿ ಈಗಲೂ ಕಮಲಾಪುರದಲ್ಲಿ ಅಣ್ಣಂದಿರ ಜೊತೆ ಚೆನ್ನಾಗಿಯೇ ಇರಬಹುದು... ಕಂಡಕ್ಟರ್ ಯಾರಾದರೂ ಇಳಿಯುವವರಿದ್ದೀರಾ ಎಂದು ಕೂಗಿದ. ನಾನು ಇಳಿಯಲಿಲ್ಲ.